ಆರು ವರ್ಷದ ಮೀನೂಟ, ನಾಲ್ಕು ಜುಮ್ಮನಕಾಯಿ

ಕಾರವಾರಕ್ಕೆ ವರ್ಗವಾಗಿ ಬಂದು ಆರು ವರ್ಷ ಆಯಿತು. ಮಂಗಳವಾರದಿಂದ ಶುಕ್ರವಾರದವರೆಗೆ, ವಾರಕ್ಕೆ ನಾಲ್ಕು ಮಧ್ಯಾಹ್ನ, ನನ್ನ ಊಟ ಒಂದೇ ಖಾನಾವಳಿಯಲ್ಲಿ. ಸೋಮವಾರ ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ಶನಿವಾರ ಶಿರಸಿ ಬಸ್ ಹತ್ತಿಬಿಡುತ್ತೇನೆ. ಲಾಕ್‌ಡೌನ್ ತಿಂಗಳುಗಳನ್ನು ಕಳೆದರೂ ಸಾವಿರ ಊಟ ಆಗಿರಬೇಕು. ಇಷ್ಟು ಉಂಡ ಮೇಲೆ ಬರೆಯುವ ಹಕ್ಕು ಇದೆ ಅಂದುಕೊಂಡು ಬರೆಯುತ್ತಿದ್ದೇನೆ.

ಖಾನಾವಳಿಯ ಹೆಸರು ಹಾಕುವುದಿಲ್ಲ. ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ ಅನ್ನುವ ಮಸಾಲೆ ಕಾಯಿಯ ಬಗ್ಗೆ ನನಗೆ ಒಂದು ದೂರು ಇದೆ, ಆದರೆ ಅದು ಇವರೊಬ್ಬರ ಮೇಲಿನ ದೂರಲ್ಲ. ಊರಿನ ಬಹಳಷ್ಟು ಖಾನಾವಳಿಗಳಲ್ಲಿ ಈಗ ಇದೇ ಕಥೆ. ತಾಟಿನಲ್ಲಿ ಏನೇನು ಬರುತ್ತದೆ ಅನ್ನುವುದನ್ನೂ ಬಿಡುತ್ತೇನೆ. ಮೀನೂಟದ ಫೋಟೊ ನೀವೆಲ್ಲ ನೋಡಿದವರೇ.

ನಾನು ಒಳಗೆ ಕಾಲಿಟ್ಟ ಕೂಡಲೇ ನೋಡುವುದು ಕರಿಹಲಗೆಯನ್ನು. ಬೆಳಿಗ್ಗೆ ಬೈತ್‌ಕೋಲ್ ಬಂದರಿನಿಂದ, ಮಾರ್ಕೆಟ್ಟಿನಿಂದ ಏನು ಬಂದಿದೆಯೋ ಅದನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಬಂಗಡೆ, ನೊಗ್ಲಿ (ಕಾಣೆ), ಶೆಟ್ಲಿ (ಸಿಗಡಿ), ಇಸ್ವಾಣ (ಅಂಜಲ್), ಒಮ್ಮೊಮ್ಮೆ ತಿಸ್ರೆ (ಚಿಪ್ಪಿ). ಮುಗಿದದ್ದನ್ನು ಬೆರಳಿನಿಂದ ಒರೆಸುತ್ತಾರೆ. ಅದಕ್ಕೇ ಎರಡು ಗಂಟೆಯ ಹೊತ್ತಿಗೆ ಹಲಗೆಯೆಲ್ಲ ಬಿಳಿ ಮಂಜು. ಹಲಗೆಗಿಂತ ನಂಬಿಕೆಯ ಮಾತು ಬಡಿಸುವ ಮಾಮನದು. ಮಾಮಾ ಸದಾಶಿವಗಡದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನೀರಿನ ಲೋಟ ಇಡುವಾಗ ಬಗ್ಗಿ ಮೆಲ್ಲಗೆ ಹೇಳುತ್ತಾರೆ: "ಇಸ್ವಾಣ ಬೇಡ ನಾಯ್ಕರೇ, ಐಸಿನದು. ತಾರ್ಲೆ ತಗೊಳ್ಳಿ." ಇಸ್ವಾಣದ ಒಂದು ತುಂಡಿನ ದುಡ್ಡಿಗೆ ಎರಡು ತಾಟು ತಾರ್ಲೆ, ಅಂದರೆ ಬೂತಾಯಿ, ಬರುತ್ತದೆ. ತನ್ನ ಅಂಗಡಿಗೆ ನಷ್ಟವಾದರೂ ಹೀಗೆ ಹೇಳುವ ಮನುಷ್ಯ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಆಮೇಲೆ ಕುಚ್ಚಲಕ್ಕಿ ಅನ್ನ. ಅನ್ನದ ನಡುವೆ ಬೆರಳಿನಿಂದ ಒಂದು ಗುಂಡಿ ಮಾಡುತ್ತೇನೆ. ಸಾರು ಅದರೊಳಗೆ ಬೀಳಬೇಕು, ಮೇಲೆ ಅಲ್ಲ. ರವಾ ಫ್ರೈ ಬರುವವರೆಗೆ ಬರೀ ಸಾರು-ಅನ್ನ ನಾಲ್ಕು ತುತ್ತು. ಫ್ರೈ ಬಂದ ಮೇಲೆ ಸಾರಿನ ಕಡೆ ಗಮನ ಇರುವುದಿಲ್ಲ, ಆದ್ದರಿಂದ ಮೊದಲ ನಾಲ್ಕು ತುತ್ತು ಸಾರಿನದೇ. ನನ್ನ ಮಟ್ಟಿಗೆ ಖಾನಾವಳಿಯ ಯೋಗ್ಯತೆ ಗೊತ್ತಾಗುವುದು ಅಲ್ಲಿಯೇ. ರವೆ ಹಚ್ಚಿ ಗರಿಗರಿ ಕರಿಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಬಂಗಡೆ ಸಾರು ಹಾಗಲ್ಲ.

ನಾನು ಘಟ್ಟದ ಮೇಲಿನವನು. ಚಿಕ್ಕಂದಿನಲ್ಲಿ ನಮಗೆ ಮೀನು ಅಂದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದ ಮೀನು. ನಮ್ಮ ಕೇರಿಗೆ ಮುಟ್ಟುವ ಹೊತ್ತಿಗೆ ಬುಟ್ಟಿಯ ಐಸು ಕರಗಿ ನೀರಾಗಿರುತ್ತಿತ್ತು. ವಾಸನೆ ತಡೆಯಲು ಅಮ್ಮ ಹುಣಸೆಹುಳಿ ಸ್ವಲ್ಪ ಜಾಸ್ತಿಯೇ ಹಾಕುತ್ತಿದ್ದಳು. ಜೊತೆಗೆ ಜುಮ್ಮನಕಾಯಿ. ಕಾರವಾರದ ಕೊಂಕಣಿಯವರು ತೆಪ್ಪಲ ಅನ್ನುತ್ತಾರೆ. ಅಜ್ಜಿಮನೆಯ ಬೆಟ್ಟದಲ್ಲಿ ಅದರ ಮರ ಇತ್ತು. ಕಾಂಡದ ತುಂಬ ದಪ್ಪ ದಪ್ಪ ಮುಳ್ಳು, ಹತ್ತುವ ಮಾತೇ ಇಲ್ಲ. ಮಳೆಗಾಲ ಹಿಂದಾದ ಮೇಲೆ ದೋಟಿಯಿಂದ ಗೊಂಚಲು ಎಳೆದು ಅಂಗಳದಲ್ಲಿ ಒಣಗಿಸುವುದು. ಬಿಸಿಲಿಗೆ ಕಾಯಿ ಬಾಯಿ ಬಿಡುತ್ತದೆ. ಒಳಗಿನ ಕಪ್ಪು ಹೊಳೆಯುವ ಬೀಜ ತೆಗೆದು ಬಿಸಾಕಿ, ಸಿಪ್ಪೆಯನ್ನು ಮಾತ್ರ ಬಾಟಲಿಗೆ ತುಂಬಿ ಇಡುವುದು. ಆ ಬೀಜ ತೆಗೆಯುವ ಕೆಲಸ ಮಕ್ಕಳಾದ ನಮ್ಮದು. ಸಂಜೆಯವರೆಗೆ ಕೈ ಘಮ್ಮೆನ್ನುತ್ತಿತ್ತು, ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ.

ಇಲ್ಲಿ ಬಂದ ಮೊದಲ ವಾರ ಮಾಮಾ ಬಂಗಡೆ ಸಾರು ಬಡಿಸಿದಾಗ ಬಟ್ಟಲಿನಿಂದ ಅದೇ ಘಮ ಎದ್ದಿತು. ಕೆಂಪು ಸಾರು, ತೆಂಗಿನಕಾಯಿ ನುಣ್ಣಗೆ ಅರೆದದ್ದು. ಬ್ಯಾಡಗಿ ಮೆಣಸಿನ ಬಣ್ಣ, ಖಾರ ಹದ. ನಡುವೆ ಕಂದು ಬಣ್ಣದ ನಾಲ್ಕು ಸಿಪ್ಪೆ ತೇಲುತ್ತಿದ್ದವು. ಒಂದನ್ನು ಮುಂದಿನ ಹಲ್ಲಿನಲ್ಲಿ ಸ್ವಲ್ಪವೇ ಒತ್ತಿದೆ. ನಾಲಿಗೆ ತುದಿ ಜುಂ ಅಂತು. ಆಮೇಲೆ ಕುಡಿದ ಸಾದಾ ನೀರೂ ತಂಪಾಗಿ ಬೇರೆಯೇ ರುಚಿ ಕೊಟ್ಟಿತು. ಮನೆಯಿಂದ ಇಷ್ಟು ದೂರ ಬಂದು, ಗುರುತಿನವರು ಒಬ್ಬರೂ ಇಲ್ಲದ ಊರಿನಲ್ಲಿ, ಅಷ್ಟು ಸಣ್ಣ ಕಾಯಿ ನನ್ನ ಕಣ್ಣು ತುಂಬಿಸಿತು. ಮೀನು ಅವತ್ತಿನದೇ. ಘಟ್ಟ ಹತ್ತದ ಬಂಗಡೆಗೆ ಜುಮ್ಮನಕಾಯಿ ಬಿದ್ದರೆ ಹೇಗಿರುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಅವತ್ತೇ.

ಬಂಗಡೆ, ತಾರ್ಲೆ ಎಣ್ಣೆ ಜಾಸ್ತಿ ಇರುವ ಮೀನು. ಆ ಹಸಿ ವಾಸನೆಯನ್ನು ಹಿಡಿದು ನಿಲ್ಲಿಸುವುದು ಈ ಕಾಯಿ. ಶೆಟ್ಲಿಗೆ ಬೇಡ, ಪಾಪ್ಲೆಟ್‌ಗೂ ಬೇಡ. ಬಂಗಡೆಗೆ ಬೇಕೇ ಬೇಕು.

ಈಗ ದೂರಿಗೆ ಬರುತ್ತೇನೆ. ಕಾಳಿ ನದಿಯ ಹಳೆ ಸೇತುವೆ ಬಿದ್ದ ವರ್ಷ, ಅಂದರೆ 2024ರಲ್ಲಿ, ಮಳೆ ಕಳೆದು ಬಂಗಡೆ ಚೆನ್ನಾಗಿ ಸಿಗುವ ಹೊತ್ತು. ಒಂದು ದಿನ ಸಾರಿನಲ್ಲಿ ಜುಮ್ಮನಕಾಯಿ ಇರಲಿಲ್ಲ. ಮರೆತಿರಬೇಕು ಅಂದುಕೊಂಡೆ. ಮರುದಿನವೂ ಇಲ್ಲ. ಮೂರನೇ ದಿನ ಸಾರೇ ಬೇರೆ. ಶುಂಠಿ, ಬೆಳ್ಳುಳ್ಳಿ, ಲವಂಗದ ವಾಸನೆ, ಹುರಿದ ಈರುಳ್ಳಿ, ಗಟ್ಟಿ ಗ್ರೇವಿ. ಪಕ್ಕದ ಮೇಜಿನಲ್ಲಿ ಶೆಟ್ಲಿ ತಗೊಂಡವರ ಬಟ್ಟಲಿನಲ್ಲೂ ಅದೇ ಗ್ರೇವಿ, ಇಸ್ವಾಣ ತಗೊಂಡವರಿಗೂ ಅದೇ. ಎಲ್ಲ ಮೀನಿಗೂ ಒಂದೇ ಸಾರು! ಮಾಮನ ಮುಖ ನೋಡಿದೆ. ಅವರು ಮಾಲಕರು ದುಡ್ಡು ತಗೊಳ್ಳಲು ಕೂರುವ ಗಲ್ಲೆಯ ಕಡೆ ಕಣ್ಣು ಮಾಡಿದರು.

ಮಾಲಕರು ಮೊಬೈಲ್ ತೆಗೆದು ತೋರಿಸಿದರು. ಯಾರೋ ಪ್ರವಾಸಕ್ಕೆ ಬಂದವರು ಒಂದೇ ನಕ್ಷತ್ರ ಕೊಟ್ಟು ಬರೆದಿದ್ದರು: ಸಾರಿನಲ್ಲಿ ಕಡ್ಡಿ ಕಸ ಇತ್ತು, ಕಚ್ಚಿದ್ದಕ್ಕೆ ಮಗುವಿನ ನಾಲಿಗೆ ಮರಗಟ್ಟಿತು, ಏನು ಹಾಕುತ್ತಾರೋ ಗೊತ್ತಿಲ್ಲ. ಅದರ ಕೆಳಗೆ ಇನ್ನಿಬ್ಬರು ಹೌದು ಹೌದು ಅಂದಿದ್ದರು. "ಭಾನುವಾರ ಗೋವಾ ಗಾಡಿ, ಹುಬ್ಬಳ್ಳಿ ಗಾಡಿ ಬರ್ತವೆ ನಾಯ್ಕರೇ. ಅವರು ಮೊದಲು ಇದನ್ನು ನೋಡೇ ಬರೂದು," ಅಂದರು. ನಾನು ಏನೂ ಹೇಳದೆ ದುಡ್ಡು ಕೊಟ್ಟು ಹೊರಬಿದ್ದೆ. ನಿಜವಾಗಿ ಸಿಟ್ಟು ಬಂದಿತ್ತು. ಗೊತ್ತಿಲ್ಲದವರ ಒಂದು ನಕ್ಷತ್ರಕ್ಕೆ ಇಷ್ಟು ದಿನ ಉಂಡವರ ನಾಲಿಗೆಗಿಂತ ಬೆಲೆ ಜಾಸ್ತಿಯಾ?

ಹದಿನೈದು ದಿನ ಆ ಕಡೆ ಹೋಗಲಿಲ್ಲ. ಬಸ್ ನಿಲ್ದಾಣದ ಹತ್ತಿರ ಒಂದು ಕಡೆ ಉಂಡೆ. ನೊಗ್ಲಿ ಫ್ರೈ ಚೆನ್ನಾಗಿತ್ತು, ಸಾರು ತೆಳ್ಳಗೆ ನೀರು. ಸಹೋದ್ಯೋಗಿ ಕರೆದರು ಅಂತ ಒಂದು ಬಾರ್‌ಗೆ ಹೋದೆ. ಅಲ್ಲಿನ ಶೆಟ್ಲಿ ಮಸಾಲೆ ಇವತ್ತಿಗೂ ನೆನಪಿದೆ, ಅಷ್ಟು ಒಳ್ಳೆಯದು. ಆದರೆ ಕುಡಿಯುವವರಿಗೆ ಮಾಡಿದ ಅಡುಗೆ ಅದು, ಉಪ್ಪು ಖಾರ ಎರಡೂ ಮೇಲೆ. ನಾನು ಕುಡಿಯುವವನಲ್ಲ, ಮಧ್ಯಾಹ್ನ ಮತ್ತೆ ಆಫೀಸಿನಲ್ಲಿ ಕೂರಬೇಕು. ಹೆದ್ದಾರಿ ಬದಿಯ ಹೊಸ ಎಸಿ ಹೋಟೆಲಿನಲ್ಲಿ ಒಂದು ಊಟಕ್ಕೆ 350 ರೂಪಾಯಿ. ನನ್ನ ಸಂಬಳದಲ್ಲಿ ಶಿರಸಿಯಲ್ಲಿ ಒಂದು ಮನೆ, ಇಲ್ಲಿ ಒಂದು ರೂಮು ನಡೆಯಬೇಕು. ವಾರಕ್ಕೆ ನಾಲ್ಕು ದಿನ ಅದು ಆಗದ ಮಾತು. ಅಲ್ಲೂ ಬಂಗಡೆಗೆ ಜುಮ್ಮನಕಾಯಿ ಇರಲಿಲ್ಲ. ಮೂರು ಕಡೆಯೂ ಕೇಳಿದೆ. "ಈಗ ಯಾರೂ ಹಾಕೂದಿಲ್ಲ" ಅನ್ನುವ ಉತ್ತರ.

ವಾಪಸ್ ಹೋದೆ. ಮಾಮಾ ಏನೂ ಕೇಳದೆ ನೀರಿಟ್ಟರು. ಆದರೆ ಮುಂದಿನ ಕೆಲವು ತಿಂಗಳು ನನ್ನ ಊಟ ಬರೀ ಫ್ರೈ ಮತ್ತು ಸೋಲ್ ಕಡಿಯ ಮೇಲೆ ನಡೆಯಿತು. ಸೋಲ್ ಕಡಿ ಮಾತ್ರ ಇವರು ಇನ್ನೂ ಕೆಡಿಸಿಲ್ಲ. ಮುರುಗಲ (ಕೋಕಂ) ಸಿಪ್ಪೆ ನೆನೆಸಿ ಹಿಂಡಿದ ರಸ, ತಾಜಾ ತೆಂಗಿನ ಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು. ಐಸು ಹಾಕುವುದಿಲ್ಲ. ಊಟ ಮುಗಿದ ಮೇಲೆ ಸಣ್ಣ ಸ್ಟೀಲ್ ಲೋಟದಲ್ಲಿ ಕೊಡುತ್ತಾರೆ, ಎರಡನೇ ಲೋಟಕ್ಕೆ ದುಡ್ಡಿಲ್ಲ. ಭಾನುವಾರ ಮಾತ್ರ ಸ್ವಲ್ಪ ನೀರಾಗಿರುತ್ತದಂತೆ.

ನನ್ನ ಸಿಟ್ಟು ಇಳಿದದ್ದು ಕಳೆದ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ನಾಡದೋಣಿಯವರು ತಂದ ಅಷ್ಟಿಷ್ಟು ಮೀನು ಬೆಂಕಿ ರೇಟು. ಆಗ ಹೊರಗಿನ ಐಸ್ ಮೀನು ತಂದು ತಾಜಾ ಅಂತ ಮಾರುವುದು ಸುಲಭ. ತಿನ್ನುವವರಲ್ಲಿ ಅರ್ಧ ಜನಕ್ಕೆ ಗೊತ್ತೂ ಆಗುವುದಿಲ್ಲ. ಇವರ ಹಲಗೆಯ ಮೇಲೆ ಜೂನ್ ಎರಡನೇ ವಾರ ಒಂದೇ ಸಾಲು: "ಇಂದು ತಾಜಾ ಮೀನು ಇಲ್ಲ." ಒಣಬಂಗಡೆ ಚಟ್ನಿ, ಅಲಸಂದೆ ಕಾಳಿನ ತೋಣಾಕ್ (ಗಸಿ), ಒಂದು ದಿನ ಯಾರೋ ಕಾಡಿನಿಂದ ತಂದ ಅಳಂಬೆ. ಊಟದ ರೇಟು 40 ರೂಪಾಯಿ ಇಳಿಸಿದ್ದರು. ಹನ್ನೆರಡು ಮೇಜಿನಲ್ಲಿ ನಾವು ಐದು ಜನ ಇದ್ದೆವು. ಮಾಲಕರು ಗಲ್ಲೆಯಲ್ಲಿ ಕೂತು ಹೊರಗಿನ ಮಳೆ ನೋಡುತ್ತಿದ್ದರು. ಎರಡು ತಿಂಗಳು ಹೀಗೆ ಕೂತವರಿಗೆ ಭಾನುವಾರದ ಗಾಡಿಗಳು ಯಾಕೆ ಬೇಕು ಅನ್ನುವುದು ಅವತ್ತು ಅರ್ಥವಾಯಿತು. ಅವರು ಮಾಡಿದ್ದು ಸರಿ ಅಂತ ಈಗಲೂ ಒಪ್ಪುವುದಿಲ್ಲ. ಆದರೆ ಸುಳ್ಳು ಮೀನು ಮಾರದ ಮನುಷ್ಯನ ಜೊತೆ ಮಾತಾಡಬಹುದು ಅನ್ನಿಸಿತು.

ಗಣೇಶ ಚೌತಿ ಮುಗಿಸಿ ಊರಿನಿಂದ ಬರುವಾಗ ಅಮ್ಮನ ಬಾಟಲಿಯಿಂದ ಒಂದು ಪೊಟ್ಟಣ ಜುಮ್ಮನಕಾಯಿ ತಂದೆ. ಗಲ್ಲೆಯ ಮೇಲಿಟ್ಟು, "ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಮಾಡಿ, ಕೇಳಿದವರಿಗೆ ಮಾತ್ರ ಕೊಡಿ" ಅಂದೆ. ಅವರು ಪೊಟ್ಟಣ ಮೂಸಿ ನೋಡಿ ಒಳಗೆ ಕಳಿಸಿದರು. ಅಡುಗೆಯ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಹೊರಗೇ ಬಂದುಬಿಟ್ಟಳು. "ಇದಿಲ್ದೆ ನಂಗೆ ಬಂಗಡೆಗೆ ಕೈಯೇ ಬರೂದಿಲ್ಲ. ಒಂದು ವರ್ಷ ಹೆಂಗೆ ಮಾಡಿದ್ನೋ ನಂಗೇ ಗೊತ್ತು," ಅಂದಳು.

ಅವತ್ತು ಅವಳು ಮಾಡಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ನಾಲ್ಕು ಕಾಯಿ ಅಂಗೈಯಲ್ಲಿ ಇಟ್ಟು, ಉಳಿದ ಬೀಜ ಉದುರಿಸಿದಳು. ಕಲ್ಲಿನ ಮೇಲೆ ಇಟ್ಟು ಗುಂಡಿನಿಂದ ಒಂದೇ ಏಟು, ಪುಡಿಯಾಗಬಾರದು. ಮಿಕ್ಸಿಗೆ ಹಾಕಿದರೆ ಕಹಿ ಬರುತ್ತದೆ. ಜಜ್ಜಿದ್ದನ್ನು ಬಟ್ಟಲು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟಳು. ಮಸಾಲೆ ಕುದಿ ಬಂದಾಗ ನೀರಿನ ಸಮೇತ ಸುರಿದು, ಆಮೇಲೆ ಮೀನು ಬಿಟ್ಟಳು. ಸೌಟು ಹಾಕಿ ತಿರುವಲಿಲ್ಲ, ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಒಮ್ಮೆ ಕುಲುಕಿದಳು. ಅಷ್ಟೇ. ಒಗ್ಗರಣೆಯೂ ಇಲ್ಲ.

ಈಗ ಬುಧವಾರ, ಶುಕ್ರವಾರ ಆ ಸಣ್ಣ ಪಾತ್ರೆ ಒಲೆ ಹತ್ತುತ್ತದೆ. ಹಲಗೆಯ ಮೇಲೆ ಬರೆಯುವುದಿಲ್ಲ. ಉಳಿದ ದಿನ ಅದೇ ಗಟ್ಟಿ ಗ್ರೇವಿ, ಅದಕ್ಕೇ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಫ್ಯಾನು ಸದ್ದು ಮಾಡುತ್ತದೆ, ಗಾಡಿ ನಿಲ್ಲಿಸಲು ಜಾಗ ಇಲ್ಲ. ಅದಕ್ಕೆಲ್ಲ ನಾನು ಅಂಕ ಕಳೆಯುವುದಿಲ್ಲ.

ಹೊರಗಿನಿಂದ ಬರುವವರಲ್ಲಿ ಒಂದು ಕೇಳಿಕೆ. ಕಾರವಾರದಲ್ಲಿ, ಅಂಕೋಲಾದಲ್ಲಿ ಎಲ್ಲೇ ಆಗಲಿ, ಬಂಗಡೆ ಸಾರಿನಲ್ಲಿ ಕಂದು ಬಣ್ಣದ ಸಣ್ಣ ಸಿಪ್ಪೆ ಸಿಕ್ಕಿದರೆ ಅದು ಕಸ ಅಲ್ಲ. ಜಗಿಯಬೇಡಿ, ತಾಟಿನ ಅಂಚಿಗೆ ಇಟ್ಟುಬಿಡಿ. ಮಕ್ಕಳ ಬಟ್ಟಲಿನಿಂದ ಮೊದಲೇ ತೆಗೆಯಿರಿ. ಅದರ ರುಚಿ ಆಗಲೇ ಸಾರಿಗೆ ಇಳಿದಿರುತ್ತದೆ. ದಯವಿಟ್ಟು ಅದಕ್ಕಾಗಿ ನಕ್ಷತ್ರ ಕಡಿಮೆ ಮಾಡಬೇಡಿ. ಎಲ್ಲೂ ಕಾಣದಿದ್ದರೆ ಬಡಿಸುವವರನ್ನು ಕೇಳಿ: "ತೆಪ್ಪಲ ಹಾಕಿದ್ದು ಇದೆಯಾ?" ಹತ್ತು ಜನ ಕೇಳಿದರೆ ಇನ್ನೊಂದು ಅಡುಗೆಮನೆಯಲ್ಲೂ ಸಣ್ಣ ಪಾತ್ರೆ ಇಡುತ್ತಾರೆ. ಕೇಳುವುದಾದರೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ. ನಮ್ಮಲ್ಲಿ ಒಂದೂವರೆಗೆ ಪಾತ್ರೆಯ ತಳ ಕಾಣುತ್ತದೆ.