ಮಾಲ್ಡೀವ್ಸ್ ಬೀಚ್ ಮದುವೆಗೆ ಎರಡು ಝೂಮೋ, ಎರಡು ಪ್ರೈಮೋ?

ನನ್ನ ಮತ ಝೂಮ್‌ಗೆ. ಝೂಮ್ ಎಂದರೆ ರಿಂಗ್ ತಿರುಗಿಸಿ ದೃಶ್ಯವನ್ನು ಅಗಲ ಅಥವಾ ಹತ್ತಿರ ಮಾಡಬಹುದಾದ ಲೆನ್ಸ್, ಪ್ರೈಮ್ ಎಂದರೆ ಒಂದೇ ಅಳತೆಗೆ ನಿಂತ ಲೆನ್ಸ್. ಸೋನಿ ಎ7 4 ಕ್ಯಾಮೆರಾ ಎರಡು, ಒಂದಕ್ಕೆ 24-70 ಎಫ್2.8, ಇನ್ನೊಂದಕ್ಕೆ 70-200 ಎಫ್2.8, ಎರಡೂ ಜಿಎಂ 2, ಅಂದರೆ ಸೋನಿಯ ಮೇಲ್ದರ್ಜೆಯ ಸಾಲಿನ ಎರಡನೇ ತಲೆಮಾರು. ಮೊದಲ ಅಂಕಿ ಮಿಲಿಮೀಟರ್, ಅದು ಹೆಚ್ಚಿದಷ್ಟು ದೃಶ್ಯ ಹತ್ತಿರ; ಎಫ್ ಅಂಕಿ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು. ಇದೇ ಕೆಲಸವನ್ನು 35 ಎಫ್1.4 ಜಿಎಂ ಮತ್ತು 85 ಎಫ್1.8 ಪ್ರೈಮ್ ಜೋಡಿಯಲ್ಲೂ ಮಾಡಿ ನೋಡಿದ್ದೇನೆ. ಊರಿನ ಕಲ್ಯಾಣ ಮಂಟಪದ ಮಂದ ಬೆಳಕಿಗೆ ಪ್ರೈಮ್ ಜೋಡಿಯೇ ಸರಿ. ಮರಳು, ಉಪ್ಪುಗಾಳಿ, ನೆತ್ತಿ ಸುಡುವ ಬಿಸಿಲು ಮೂರೂ ಸೇರಿದ ಕಡೆ ಲೆಕ್ಕ ಬದಲಾಗುತ್ತದೆ.

ಮೊದಲ ಕಾರಣ, ಬೀಚಿನಲ್ಲಿ ಲೆನ್ಸ್ ಬದಲಿಸುವ ಹಾಗಿಲ್ಲ. ಒಂದು ಹರಳು ಮರಳು ಲೆನ್ಸ್ ಕೂರುವ ಮೌಂಟ್ ಒಳಗೆ ಬಿದ್ದರೂ ಆ ದಿನದ ಕೆಲಸ ಕೆಟ್ಟಿತು. ಹಾಗಾಗಿ ಪ್ರೈಮ್ ಹಿಡಿದವರು ಕಾಲನ್ನೇ ಝೂಮ್ ಮಾಡಿಕೊಳ್ಳಬೇಕು. ಆದರೆ ಮಂಟಪದ ಒಂದು ಕಡೆ ನೆಂಟರು, ಇನ್ನೊಂದು ಕಡೆ ನೀರು. ಅಂತರಪಟ ಸರಿದು ಹುಡುಗ ಹುಡುಗಿ ಜೀರಿಗೆ ಬೆಲ್ಲ ಹಾಕಿಕೊಳ್ಳುವುದು ಎರಡು ಮೂರು ಸೆಕೆಂಡಿನ ಮಾತು. 24ರಲ್ಲಿ ಮಂಟಪ, ಸಮುದ್ರ, ನಗುವ ಬಳಗ ಎಲ್ಲವನ್ನೂ ಹಿಡಿದು, ಅದೇ ಉಸಿರಿನಲ್ಲಿ 70ಕ್ಕೆ ತಿರುಗಿಸಿ ಮುಖ ಹಿಡಿಯಬಹುದು. 35 ಹಾಕಿದ್ದರೆ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು.

ಬೆಳಕಿನ ಲೆಕ್ಕವೂ ಝೂಮ್ ಕಡೆಗೇ. ಚುರುಕು ಬಿಸಿಲಿನಲ್ಲಿ ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) 100, ಎಫ್16ಕ್ಕೆ ಶಟರ್ 1/100 ಸೆಕೆಂಡ್. ಎಫ್2.8ಕ್ಕೆ ಬಂದರೆ 1/3200. ಎಫ್1.4ಕ್ಕೆ 1/12800 ಬೇಕು, ಮೆಕ್ಯಾನಿಕಲ್ ಶಟರ್ 1/8000ಕ್ಕೆ ನಿಲ್ಲುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು, ಮಂಟಪದ ನೆರಳಿಗೆ ಬಂದಾಗ ತೆಗೆಯಬೇಕು. ದುಡ್ಡು ಕೊಟ್ಟು ಕೊಂಡ ಎಫ್1.4 ಧಾರೆಯ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಲೆನ್ಸ್ ಯಾವುದೇ ಇರಲಿ, ಬಿಳಿ ಮರಳು ಕ್ಯಾಮೆರಾದ ಬೆಳಕಿನ ಮೀಟರನ್ನು ಮೋಸಗೊಳಿಸಿ ಚಿತ್ರ ಕಪ್ಪಾಗಿಸುತ್ತದೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ +0.7ರಿಂದ +1 ಕೊಡಿ. ಮಂಟಪದ ಮೇಲ್ಬಟ್ಟೆ ಬಿಳಿಯದೇ ಇರಲಿ ಎಂದು ಮೊದಲೇ ಹೇಳಿಬಿಡಿ. ಕೆಂಪು ಬಟ್ಟೆ ಹೊದಿಸಿದರೆ ಎಲ್ಲರ ಮುಖವೂ ಕೆಂಪು, ಎಡಿಟಿಂಗ್‌ನಲ್ಲೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು ಝೂಮ್‌ನ ನಿಜವಾದ ಕಾಟಕ್ಕೆ ಬರೋಣ. ಅದು ಮಂಜು.

ವಿಲ್ಲಾದೊಳಗೆ ಎಸಿ 20-22 ಡಿಗ್ರಿಯಲ್ಲಿರುತ್ತದೆ. ಹೊರಗೆ 30 ಡಿಗ್ರಿ, ತೇವಾಂಶ ಶೇ 80ರ ಆಸುಪಾಸು. ಅಂಥ ಗಾಳಿಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಬೆವರುವ ಹಾಗೆ. ಮುಂದಿನ ಗಾಜು, ಫಿಲ್ಟರಿನ ಎರಡೂ ಬದಿ, ವ್ಯೂಫೈಂಡರ್ ಎಲ್ಲ ಬೆಳ್ಳಗಾಗುತ್ತವೆ. ಒರೆಸಿದರೆ ಅರ್ಧ ನಿಮಿಷದಲ್ಲಿ ಮತ್ತೆ ಬರುತ್ತದೆ, ಜೊತೆಗೆ ಉಪ್ಪಿನ ಪದರ ಗಾಜಿಗೆ ಬಳಿದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೂ ಮಂಜು.

371 ಗ್ರಾಂನ 85 ಪ್ರೈಮ್ ಬೇಗ ಬೆಚ್ಚಗಾಗುತ್ತದೆ. ಒಂದು ಕೆಜಿ ದಾಟುವ 70-200ಕ್ಕೆ ಮುಕ್ಕಾಲು ಗಂಟೆ ಕೊಡಿ. ಆದರೂ ಹೆಚ್ಚು ಅಪಾಯ 24-70ರಲ್ಲಿ. 70-200 ಒಳಗೊಳಗೇ ಝೂಮ್ ಆಗುತ್ತದೆ, ಉದ್ದವಾಗುವುದಿಲ್ಲ. 24-70ರ ಕೊಳವೆ ಮುಂದೆ ಚಾಚುತ್ತದೆ, ಚಾಚಿದಾಗಲೆಲ್ಲ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ವೆದರ್ ಸೀಲಿಂಗ್ ತಡೆಯುವುದು ಹನಿ ಮತ್ತು ಧೂಳನ್ನು, ಗಾಳಿಯಲ್ಲಿರುವ ಆವಿಯನ್ನಲ್ಲ. ಒಳಗಿನ ಗಾಜು ಇನ್ನೂ ತಣ್ಣಗಿದ್ದರೆ ಮಂಜು ಬಟ್ಟೆಗೆ ಸಿಗದ ಜಾಗದಲ್ಲಿ ಕಟ್ಟುತ್ತದೆ, ಅಷ್ಟರಲ್ಲಿ ಮುಹೂರ್ತ ಮುಗಿದಿರುತ್ತದೆ. ಆದ್ದರಿಂದ ಬೆಚ್ಚಗಾಗುವ ತನಕ ಝೂಮ್ ರಿಂಗ್ ಮುಟ್ಟಬೇಡಿ.

ಪರಿಹಾರ ಸುಲಭ, ಶಿಸ್ತು ಬೇಕು ಅಷ್ಟೇ. ಎಸಿ ಕೋಣೆಯೊಳಗೇ ಕ್ಯಾಮೆರಾವನ್ನು ಲೆನ್ಸ್ ಸಮೇತ ದೊಡ್ಡ ಜಿಪ್‌ಲಾಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಮುಚ್ಚಿ. ಮುಹೂರ್ತಕ್ಕೆ ಒಂದೂವರೆ ಗಂಟೆ ಮೊದಲು ಹೊರಗೆ ನೆರಳಿನಲ್ಲಿಡಿ, ಬಿಸಿಲಿನಲ್ಲಿ ಬೇಡ. ನೀರು ಚೀಲದ ಹೊರಮೈ ಮೇಲೆ ಕೂರುತ್ತದೆ. ಅದು ತಾನಾಗಿ ಆರಿ, ಚೀಲದ ಮೇಲಿನಿಂದ ಮುಟ್ಟಿದಾಗ ಲೆನ್ಸ್ ತಣ್ಣಗೆನಿಸದಿದ್ದರೆ ತೆರೆಯಿರಿ. ಇನ್ನೂ ಒಳ್ಳೆಯ ದಾರಿಯೆಂದರೆ, ಅಲ್ಲಿನ ಬಹಳಷ್ಟು ವಿಲ್ಲಾಗಳ ಬಚ್ಚಲುಮನೆ ಬಯಲಿಗೆ ತೆರೆದಿರುತ್ತದೆ, ಎಸಿ ಇರುವುದಿಲ್ಲ. ಅದರ ಸೂರಿನ ಕೆಳಗೆ ಸಿಲಿಕಾ ಜೆಲ್ ಹಾಕಿ ಮುಚ್ಚಿದ ಚೀಲವನ್ನು ರಾತ್ರಿಯೇ ಇಟ್ಟರೆ ಬೆಳಿಗ್ಗೆ ಕಾಯುವ ಕೆಲಸವೇ ಇಲ್ಲ. ವಾಪಸ್ ಒಳಗೆ ಹೋಗುವಾಗಲೂ ಹೊರಗೇ ಚೀಲಕ್ಕೆ ಹಾಕಿ, ಮೆಮೊರಿ ಕಾರ್ಡ್ ಮೊದಲೇ ತೆಗೆದುಕೊಂಡಿರಿ. ಇಲ್ಲದಿದ್ದರೆ ಬ್ಯಾಕಪ್‌ಗೆಂದು ಚೀಲ ಬಿಚ್ಚುತ್ತೀರಿ.

ತೂಕದಲ್ಲಿ ಪ್ರೈಮ್ ಗೆಲ್ಲುತ್ತದೆ: ಜೋಡಿಗೆ 895 ಗ್ರಾಂ, ಝೂಮ್ ಜೋಡಿಗೆ 1740. ಸೀಪ್ಲೇನ್‌ನಲ್ಲಿ ಸಾಮಾನ್ಯವಾಗಿ 20 ಕೆಜಿ ಲಗೇಜು, 5 ಕೆಜಿ ಕೈಚೀಲ ಅಷ್ಟೇ, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ರಾತ್ರಿಯ ಕುಣಿತದಲ್ಲೂ ಪ್ರೈಮ್ ಮೇಲು. ಸಮಭಾಜಕ ವೃತ್ತದ ಹತ್ತಿರ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಮುಳುಗಿದ ಮೇಲೆ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಕತ್ತಲು. ಆಮೇಲೆ ಸೀರಿಯಲ್ ಸೆಟ್ ಬೆಳಕಿನಲ್ಲಿ ಎಫ್2.8ಕ್ಕೆ ಐಎಸ್ಒ 12800 ಬೇಕಾದಲ್ಲಿ ಎಫ್1.4ಕ್ಕೆ 3200 ಸಾಕು.

ಹಾಗಾಗಿ ನಾನು ಎರಡು ಝೂಮ್ ಜೊತೆಗೆ 35 ಒಂದನ್ನು ಒಯ್ಯುತ್ತೇನೆ. ಅದನ್ನು ಹಾಕುವುದು ಊಟದ ಬಿಡುವಿನಲ್ಲಿ, ಕೋಣೆಯೊಳಗೆ ಅಲ್ಲ, ಮರಳಿಲ್ಲದ ಜಗಲಿಯಲ್ಲಿ. ಎರಡು ಕ್ಯಾಮೆರಾ, ಮೂರು ಲೆನ್ಸ್, ನಾಲ್ಕು ಹೆಚ್ಚುವರಿ ಬ್ಯಾಟರಿ, ಒಂದು ಕೆಜಿಯ ಚೀಲ ಸೇರಿ 4.9 ಕೆಜಿ. ಬ್ಯಾಟರಿ ಬಿಚ್ಚಿದ ಫ್ಲ್ಯಾಶ್ ಲಗೇಜಿಗೆ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು.

ಝೂಮ್ ಜೋಡಿಯ ಬೆಲೆ ಈ ಪ್ರೈಮ್ ಜೋಡಿಯ ಎರಡು ಪಟ್ಟಿಗಿಂತ ಹೆಚ್ಚು. ವರ್ಷಕ್ಕೆ ಒಂದೆರಡು ದ್ವೀಪದ ಮದುವೆ ಮಾತ್ರ ಇದ್ದರೆ ಕೊಳ್ಳಬೇಡಿ, 35 ಸ್ವಂತದ್ದಿರಲಿ, ಝೂಮ್ ಬಾಡಿಗೆಗೆ ತನ್ನಿ. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಲ್ಲ ಲೆನ್ಸ್‌ಗಳ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಮರಳುವಾಗ ಅಲ್ಲೇ ಕೊಂಡದ್ದಲ್ಲ ಎಂದು ತೋರಿಸುವುದು ಕಷ್ಟ. ಬಾಡಿಗೆ ಅಂಗಡಿಯ ರಸೀದಿಯಲ್ಲೂ ಅದೇ ನಂಬರ್ ಇದೆಯೇ ನೋಡಿಕೊಳ್ಳಿ.