ಒತ್ತಕ್ಷರ ಮುರಿದ ಹಾಳೆಗಳು: ಚಟುವಟಿಕೆ ಹಾಳೆಗಳ ಚಂದಾ, ಹತ್ತು ತಿಂಗಳ ನಂತರ

ಮಗಳಿಗೆ ನಾಲ್ಕು ತುಂಬಿದಾಗ ಮಕ್ಕಳ ಚಟುವಟಿಕೆ ಹಾಳೆಗಳ ಈ ಚಂದಾ ಕಟ್ಟಿದೆ. ವರ್ಷಕ್ಕೆ 1,200 ರೂಪಾಯಿ. ಕಂತಿನಲ್ಲಿ ಏನೇನು ಬರುತ್ತದೆ ಎಂಬ ಪಟ್ಟಿ ಅವರ ಜಾಹೀರಾತಿನಲ್ಲೇ ಇದೆ, ಅದನ್ನು ಬಿಡುತ್ತೇನೆ. ಹಾಳೆಗಳು ಪಿಡಿಎಫ್ ಆಗಿ ಬರುತ್ತವೆ, ಮುದ್ರಿಸಿಕೊಳ್ಳುವುದು ನಮ್ಮ ಕೆಲಸ. ನಮ್ಮ ಮನೆಯಲ್ಲಿ ಪ್ರಿಂಟರ್ ಇಲ್ಲ. ಬೀದಿ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪುಟಕ್ಕೆ 3 ರೂಪಾಯಿ, ಬಣ್ಣದ ಪುಟಕ್ಕೆ 10. ಹಾಗಾಗಿ ತಿಂಗಳಿಗೆ ನಾಲ್ಕೇ ಬಣ್ಣದ ಹಾಳೆ ಎಂದು ನಿಯಮ ಮಾಡಿಕೊಂಡಿದ್ದೇನೆ.

ಶನಿವಾರ ಸಂಜೆ ಹಾಳೆಗಳು ಬರುತ್ತವೆ ಎಂಬುದು ಮಗಳಿಗೆ ಗೊತ್ತು. ನಾನು ಚಪ್ಪಲಿ ಕಳಚುವ ಮೊದಲೇ ಚಾಪೆ ಹಾಸಿ, ಮೊಂಡು ತುದಿಯ ಕತ್ತರಿ ಹಿಡಿದು ಕುಳಿತಿರುತ್ತಾಳೆ. ಅಂಟಿಗೆ ಒಂದು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸುತ್ತೇನೆ. ಹುಳ ಹಿಡಿಯದಿರಲೆಂದು ನಮ್ಮ ತಾತ ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಗು ಬೆರಳು ನೆಕ್ಕುತ್ತದೆ. ಆದ್ದರಿಂದ ನಾನು ಹಾಕುವುದಿಲ್ಲ, ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳುತ್ತೇನೆ. ತೆಳುವಾದ ಹಾಳೆ ನೆಟ್ಟಗೆ ನಿಲ್ಲಬೇಕಾದರೆ ಹಿಂದೆ ಹಳೆಯ ಲಗ್ನಪತ್ರಿಕೆ ಅಂಟಿಸಿ. ಅಷ್ಟು ಗಟ್ಟಿಯಾದ ರಟ್ಟು ಅಂಗಡಿಯಲ್ಲಿ ಕೊಂಡರೂ ಸಿಗುವುದಿಲ್ಲ.

ದಸರೆಯ ಕಂತಿನ ಆನೆಯನ್ನು ನಾನು ಮರೆಯಲಾರೆ. ಕಾಲು, ಕಿವಿ, ಸೊಂಡಿಲು ಬೇರೆ ಬೇರೆ. ಸೀಳಿಗೆ ಸೀಳು ಸಿಕ್ಕಿಸಿದರೆ ಆನೆ ತಾನಾಗಿಯೇ ನಿಲ್ಲುತ್ತದೆ, ಬೆನ್ನ ಮೇಲೆ ಮಡಿಸಿದ ಅಂಬಾರಿ. ಮೊದಲ ಸಲ ಅಂಬಾರಿಯ ಅಂಟಿಸುವ ಅಂಚೇ ಕತ್ತರಿಸಿಹೋಗಿತ್ತು. ಹಾಳೆಯನ್ನು ಅಮೆರಿಕದ ಲೆಟರ್ ಅಳತೆಗೆ ರೂಪಿಸಿದ್ದಾರೆ, ನಮ್ಮ ಎ4 ಹಾಳೆಯ ಅಗಲ ಅದಕ್ಕಿಂತ 6 ಮಿಲಿಮೀಟರ್ ಕಡಿಮೆ. ಅಳತೆಯನ್ನು ಪುಟಕ್ಕೆ ಹೊಂದಿಸಿ ಮುದ್ರಿಸಿಕೊಡಿ ಎಂದು ಅಂಗಡಿಯವರಿಗೆ ಹೇಳಿದ ಮೇಲೆ ಸರಿಹೋಯಿತು. ಆ ಆನೆ ಒಂಬತ್ತು ದಿನವೂ ನಮ್ಮ ಗೊಂಬೆ ಮೆಟ್ಟಿಲಿನಲ್ಲಿ ನಿಂತಿತ್ತು. ಬಂದವರಿಗೆಲ್ಲ ಮಗಳು ಪಟ್ಟದ ಗೊಂಬೆಗಳಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದಳು.

ಅಲ್ಲಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಈ ಚಂದಾ ಕಟ್ಟಿ ಎಂದು ಹೇಳುತ್ತಿದ್ದೆ. ನವೆಂಬರಿನಲ್ಲಿ ಕನ್ನಡ ಪದ ತಿದ್ದುವ ಹಾಳೆಗಳು ಬಂದವು.

ಚುಕ್ಕಿಗಳ ಮೇಲೆ ತಿದ್ದಬೇಕಾದ ಮೊದಲ ಪದ 'ಅಮ್ಮ'. ಹಾಳೆಯಲ್ಲಿದ್ದದ್ದು 'ಅಮ್‌ಮ'. ಅಂದರೆ ಕೆಳಗೆ ಬರಬೇಕಾದ ಮ ಒತ್ತು ಇಲ್ಲ. ಅರ್ಧಾಕ್ಷರ ಒಂದು ಕಡೆ, ಇಡೀ ಮ ಅದರ ಪಕ್ಕಕ್ಕೆ. ಮುಂದಿನ ಸಾಲುಗಳಲ್ಲೂ ಇದೇ ಗತಿ. ಹಣ್ಣು ಹೋಯಿತು, ಬೆಕ್ಕು ಹೋಯಿತು. 'ಸೂರ್ಯ'ದಲ್ಲಿ ಅರ್ಕಾವೊತ್ತೇ ಇಲ್ಲ. ನಮ್ಮ ಮಕ್ಕಳು ಮೊದಲು ಕಲಿಯುವ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ. ಮನೆಯವರನ್ನೆಲ್ಲ ಕರೆಯುವುದೇ ಒತ್ತಕ್ಷರದಿಂದ. ಓದುವ ಪುಸ್ತಕದಲ್ಲಿ ಇಂಥ ತಪ್ಪು ಬಂದರೆ ಕಣ್ಣು ದಾಟಿ ಹೋಗಬಹುದು. ತಿದ್ದುವ ಹಾಳೆಯ ಮೇಲೆ ಮಗು ಅದನ್ನೇ ಹತ್ತು ಸಲ ಬರೆಯುತ್ತದೆ, ಕೈಗೆ ಅದೇ ಕೂತುಬಿಡುತ್ತದೆ. ಮಗಳು ಎರಡು ಸಾಲು ತಿದ್ದಿ ಮುಗಿಸಿದ ಮೇಲಷ್ಟೇ ನಾನು ನೋಡಿದ್ದು. ಹಾಳೆಯನ್ನು ತೆಗೆದುಕೊಂಡಾಗ, "ನಾನು ತಪ್ಪು ಮಾಡಿದೆನಾ ಅಮ್ಮಾ?" ಎಂದು ಕೇಳಿದಳು. ನನಗೆ ಬಂದ ಸಿಟ್ಟು ಆ ಪ್ರಶ್ನೆಯಿಂದ.

ಇದು ದೊಡ್ಡ ರೋಗವೇನಲ್ಲ. ಪುಟ ವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಒತ್ತದಿದ್ದರೆ ಒತ್ತಕ್ಷರಗಳು ಹೀಗೆ ಬಿಡಿಬಿಡಿಯಾಗುತ್ತವೆ. ಪಿಡಿಎಫ್ ಆದ ಮೇಲೆ ನಾವು ಸರಿಪಡಿಸಲಾಗದು, ಅವರೇ ಮಾಡಬೇಕು. ಕನ್ನಡ ಓದಬಲ್ಲ ಒಬ್ಬರಿಗೆ ತೋರಿಸಿದ್ದರೂ ಅರೆಕ್ಷಣದಲ್ಲಿ ಹಿಡಿಯುತ್ತಿದ್ದರು. ಚಿತ್ರ ಸಮೇತ ಎರಡು ಸಲ ಬರೆದೆ. ವಿನ್ಯಾಸದವರಿಗೆ ತಿಳಿಸಿದ್ದೇವೆ ಎಂಬ ಒಂದೇ ಉತ್ತರ ಎರಡು ಸಲ ಬಂತು. ಮೂರು ತಿಂಗಳಾಯಿತು, ಇಂಗ್ಲಿಷ್ ಹಾಳೆಗಳು ಎರಡು ಬಾರಿ ಪರಿಷ್ಕಾರಗೊಂಡಿವೆ, ಕನ್ನಡದವು ಹಾಗೆಯೇ ಇವೆ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಲಾರೆ. ಕತ್ತರಿಸಿ ಅಂಟಿಸುವ ಹಾಳೆಗಳನ್ನು ಮಾಡುವವರು ಯಾರೋ ಮಕ್ಕಳ ಕೈಯನ್ನು ಬಲ್ಲವರು. ಮೊದಲು ನೇರ ಗೆರೆ, ನಂತರ ಅಂಕುಡೊಂಕು, ಆಮೇಲೆ ಸುರುಳಿ ಹಾವು, ಹೀಗೆ ಮೆಲ್ಲಗೆ ಮುಂದೊಯ್ಯುತ್ತಾರೆ. ಜೂನಿನಲ್ಲಿ ಕತ್ತರಿ ಹಿಡಿಯಲು ಬಾರದಿದ್ದ ಮಗಳು ಈಗ ಚಂದ್ರನನ್ನು ಗುಂಡಗೆ ಕತ್ತರಿಸುತ್ತಾಳೆ. ಕರಕುಶಲದ ಹಾಳೆಗಳನ್ನು ಮಾತ್ರ ಬೇರೆಯಾಗಿ ಮಾರಿದರೆ ನಾಳೆಯೇ ಕೊಳ್ಳುತ್ತೇನೆ. ಕನ್ನಡಕ್ಕಾಗಿ ಎಂದಾದರೆ ಈಗಿನ ಸ್ಥಿತಿಯಲ್ಲಿ ಯಾರೂ ದುಡ್ಡು ಕೊಡಬೇಡಿ.

ಪದಗಳನ್ನು ಈಗ ನಾನೇ ಸ್ಕೆಚ್ ಪೆನ್ನಿನಲ್ಲಿ ಚುಕ್ಕಿಯಿಟ್ಟು ಬರೆದುಕೊಡುತ್ತೇನೆ. ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಹಾಳೆ ಇಟ್ಟರೆ ಬೋರ್ಡಿನ ಮಾರ್ಕರಿನಲ್ಲಿ ತಿದ್ದಬಹುದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿದರೆ ಮತ್ತೆ ಹೊಸದು. ಯಾವ ಪದ ಬೇಕೆಂದು ಮಗಳೇ ಹೇಳುತ್ತಾಳೆ. ನಿನ್ನೆ ಕೇಳಿದ್ದು 'ಗುಬ್ಬಚ್ಚಿ'. ಬ ಒತ್ತನ್ನೂ ಚ ಒತ್ತನ್ನೂ ಅವುಗಳ ಜಾಗದಲ್ಲೇ ಇಟ್ಟಳು.