ಹಳೆ 407ರ ಬ್ರೇಕಿಗೆ ಹೊಸ ವ್ಯಾಕ್ಯೂಮ್ ಪಂಪ್: ಮೂರು ಮಳೆಗಾಲ ಓಡಿಸಿದ ಮೇಲೆ

ನಮ್ಮದು 2005ರ ಟಾಟಾ 407. ಮಲ್ಪೆ ಬಂದರಿನಿಂದ ಮೀನು ತುಂಬಿಕೊಂಡು ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ ಕಡೆ ಹೋಗುತ್ತದೆ. ಬರುವಾಗ ತರಕಾರಿ ಸಿಕ್ಕಿದರೆ ತರಕಾರಿ, ಇಲ್ಲದಿದ್ದರೆ ಖಾಲಿ ಕ್ರೇಟು. 2022ರ ಅಕ್ಟೋಬರಿನಲ್ಲಿ ಇದಕ್ಕೆ ಬ್ರೇಕಿಗಾಗಿ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪು, ಅದರ ಹೋಸು, ವಾಲ್ವ್ ಎಲ್ಲ ಹೊಸತು ಹಾಕಿಸಿದೆ. ಇಲ್ಲಿಯವರೆಗೆ ಸುಮಾರು 70 ಸಾವಿರ ಕಿಲೋಮೀಟರ್ ಓಡಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಘಾಟಿ ಇಳಿಯುತ್ತಿದ್ದೆ. ಹಿಂದೆ ಸೌತೆಕಾಯಿ ಲೋಡು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು ಅಲ್ವಾ, ಮೊದಲ ತಿರುವಿನಲ್ಲಿ ಬ್ರೇಕು ಸರಿ ಇತ್ತು. ಎರಡನೆಯದರಲ್ಲಿ ಸ್ವಲ್ಪ ಬಿಗಿ. ಮೂರನೆಯದಕ್ಕೆ ಕಾಲಿಟ್ಟರೆ ಪೆಡಲ್ ಕಲ್ಲು! ಸೀಟಿನಿಂದ ಎದ್ದು ನಿಂತು ಒತ್ತಿದೆ. ಸೆಕೆಂಡ್ ಗೇರಿನಲ್ಲಿದ್ದೆ, ಹಾಗಾಗಿ ಗಾಡಿ ನಿಂತಿತು. ಒಂದು ನಿಮಿಷ ಸುಮ್ನೆ ಕೂತು ಮತ್ತೆ ಒತ್ತಿದರೆ ಪೆಡಲ್ ಬೆಣ್ಣೆ ಹಾಗೆ ಮೆತ್ತಗೆ. ಕಾಯಿಲೆ ಯಾವುದು ಅನ್ನುವ ಸುಳಿವು ಅಲ್ಲೇ ಇತ್ತು. ನನಗೆ ಆಗ ಗೊತ್ತಾಗಲಿಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ನಾಲ್ಕೂ ಚಕ್ರದ ಲೈನರ್ ಬದಲಿಸಿದರು, ಬ್ರೇಕ್ ಆಯಿಲ್ ಪೈಪಿನಲ್ಲಿದ್ದ ಏರ್ ತೆಗೆದರು. ಫಲ ಇಲ್ಲ. ಆಮೇಲೆ ಬೂಸ್ಟರ್, ಅಂದರೆ ಬ್ರೇಕ್ ಒತ್ತುವಾಗ ಕಾಲಿನ ಬಲಕ್ಕೆ ನೆರವಾಗುವ ಭಾಗ, ಹೋಗಿದೆ ಅಂದರು. ಹೊಸ ಬೂಸ್ಟರಿಗೆ 7,800 ರೂಪಾಯಿ ಕೊಟ್ಟೆ. ಮಾರನೆಯ ದಿನ ಅದೇ ಘಾಟಿ, ಅದೇ ಕಲ್ಲು. ಹಳೆ ಬೂಸ್ಟರ್ ಕೇಳಿದರೆ ಗುಜರಿಗೆ ಹಾಕಿಯಾಯಿತಂತೆ.

ಕೊನೆಗೆ ಇದನ್ನು ಹಿಡಿದದ್ದು ಬ್ರೇಕ್ ಮೆಕ್ಯಾನಿಕ್ ಅಲ್ಲ, ಡೈನಮೋ ರಿಪೇರಿ ಮಾಡುವವರು. ಚಾರ್ಜಿಂಗ್ ಲೈಟ್ ಉರಿಯುತ್ತಿದೆ ಅಂತ ಉಡುಪಿಯಲ್ಲಿ ಅವರ ಅಂಗಡಿಗೆ ಹೋಗಿದ್ದೆ. ಮಾತಿನ ಮಧ್ಯೆ ಬ್ರೇಕಿನ ಕತೆ ಬಂತು. "ಬೂಸ್ಟರ್ ಹೊಸತು ಹಾಕಿದ್ದು ಸರಿ ಮಾರಾಯ್ರೆ, ಅದರಿಂದ ಗಾಳಿ ಎಳೆಯುವ ಪಂಪನ್ನು ಯಾರಾದ್ರೂ ನೋಡಿದ್ದಾರಾ?" ಅಂದರು.

ವಿಷಯ ಇಷ್ಟೇ. ಬೂಸ್ಟರಿನಲ್ಲಿ ತನ್ನದೇ ಅಂತ ಶಕ್ತಿ ಇಲ್ಲ. ಒಳಗಿನ ಗಾಳಿಯನ್ನು ಎಳೆದು ಖಾಲಿ ಮಾಡಿರಬೇಕು. ನಾವು ಪೆಡಲ್ ಒತ್ತಿದಾಗ ಹೊರಗಿನ ಗಾಳಿ ಒಂದು ಕಡೆಯಿಂದ ನುಗ್ಗಿ ಡಯಾಫ್ರಮ್ಮನ್ನು, ಅಂದರೆ ಒಳಗಿನ ರಬ್ಬರ್ ಪರದೆಯನ್ನು, ತಳ್ಳುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹೀಗೆ ಎಳೆಯುವ ಕೆಲಸವನ್ನು ಎಂಜಿನ್ನೇ ಮಾಡುತ್ತದೆ. ಡೀಸೆಲ್‌ಗೆ ಬೇರೆ ಪಂಪು ಬೇಕು. ನಮ್ಮ ಗಾಡಿಯಲ್ಲಿ ಅದು ಡೈನಮೋದ ಬೆನ್ನಿಗೇ ಕೂತಿದೆ, ಎಂಜಿನ್ ಆಯಿಲಿನಲ್ಲೇ ನೆನೆಯುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವವರು ಇದನ್ನು ಎರಡು ಸಲ ಓದಿ. ಎಂಜಿನ್ ನಿಂತರೆ ಪಂಪೂ ನಿಂತಿತು. ಎರಡು ಮೂರು ಬ್ರೇಕ್ ಆದ ಮೇಲೆ ನಿಮ್ಮ ಕಾಲಿನ ಬಲ ಮಾತ್ರ.

ಡೈನಮೋದವರು ಪಂಪಿನ ಬಾಯಿಗೇ ಅದು ಎಷ್ಟು ಎಳೆಯುತ್ತದೆ ಅಂತ ತೋರಿಸುವ ಗೇಜ್ ಹಾಕಿದರು. ನಮ್ಮ ಕರಾವಳಿಯಲ್ಲಿ ಒಳ್ಳೆ ಪಂಪು ಪಾದರಸದ ಲೆಕ್ಕದಲ್ಲಿ 650 ಮಿಲಿಮೀಟರ್ ಹತ್ತಿರ ಹೋಗಬೇಕಂತೆ. ನಮ್ಮದು ತೆವಳುತ್ತಾ 420ಕ್ಕೆ ನಿಂತಿತು. ಹೋಸಿನ ಇನ್ನೊಂದು ತುದಿಯಲ್ಲಿ ಮುಳ್ಳು ಇನ್ನೂ ನಿಧಾನ. ಹೋಸನ್ನು ಅಡ್ಡಕ್ಕೆ ಕೊಯ್ದು ತೋರಿಸಿದರು. ಹೊರಗೆ ಹೆಬ್ಬೆರಳು ದಪ್ಪ, ಒಳಗೆ ರಬ್ಬರು ಊದಿಕೊಂಡು ಪೆನ್ಸಿಲ್ ಕೂಡ ಹೋಗದಷ್ಟು ತೂತು. ಮುಟ್ಟಿದರೆ ಕೈಗೆ ಕಪ್ಪು ಆಯಿಲ್. ಗಾಳಿ ವಾಪಸ್ ಬರದ ಹಾಗೆ ತಡೆಯುವ ಪುಟ್ಟ ವಾಲ್ವ್ ಕೆಟ್ಟಿತ್ತು. ಅದಕ್ಕೇ ಎಂಜಿನ್ ಆಫ್ ಮಾಡಿದಾಗಲೆಲ್ಲ ಬೂಸ್ಟರು ಪಂಪಿನ ಆಯಿಲನ್ನು ಒಳಗೆ ಎಳೆದುಕೊಳ್ಳುತ್ತಿತ್ತು. 7,800 ಕೊಟ್ಟ ಹೊಸ ಬೂಸ್ಟರಿನ ಒಳಗೂ ಆಗಲೇ ಆಯಿಲ್ ಇಳಿದಿತ್ತು. ತಂತಿಗೆ ಬಟ್ಟೆ ಸುತ್ತಿ ಒರೆಸಿ ತೆಗೆದರು.

ಪಂಪ್ 4,200, ಹೋಸ್ 600, ವಾಲ್ವ್ 350, ಕೂಲಿ 1,200. ಅದೇ ಸಂಜೆ ಗೇಜಿನಲ್ಲಿ 670. ಮಣಿಪಾಲದ ಇಳಿಜಾರಿನಲ್ಲಿ ಬೇಕೆಂದೇ ಒಂದರ ಹಿಂದೆ ಒಂದು ಐದು ಸಲ ಬ್ರೇಕ್ ಒತ್ತಿ ನೋಡಿದೆ. ಐದೂ ಸಲ ಒಂದೇ ತರ.

ಇನ್ನು ದೂರು. ಎಂಟನೇ ತಿಂಗಳಿಗೆ ಪಂಪಿಗೆ ಆಯಿಲ್ ಬರುವ ಪೈಪಿನ ಜಾಯಿಂಟು ಒಸರತೊಡಗಿತು. ತಾಮ್ರದ ವಾಷರ್ ಹಾಕಿದ ಮೇಲೆ ನಿಂತಿತು. ಇಪ್ಪತ್ತು ರೂಪಾಯಿಯ ವಾಷರ್ ಪೆಟ್ಟಿಗೆಯಲ್ಲೇ ಕೊಡಬಹುದಿತ್ತು. ಆರು ತಿಂಗಳ ವಾರಂಟಿ ಅಂತ ಚೀಟಿ ಇತ್ತು, ಅದು ಅಷ್ಟರೊಳಗೆ ಮುಗಿದಿತ್ತು ಬಿಡಿ. ಬೆಲ್ಟ್ ಸ್ವಲ್ಪ ಸಡಿಲವಾದರೂ ಬೆಳಗ್ಗೆ ಕಿರುಚುತ್ತದೆ. ಒಂದು ಸ್ಟಾರ್ ಹೋದದ್ದು ಇದಕ್ಕೇ.

ಕಳೆದ ವರ್ಷ ಇನ್ನೊಂದು ಸಲ ಬ್ರೇಕ್ ಕೈಕೊಟ್ಟಿತು. ಅದರಲ್ಲಿ ಪಂಪಿನ ತಪ್ಪಿಲ್ಲ. ಈ ಸಲ ಪೆಡಲ್ ಬಿಗಿಯಾಗಲಿಲ್ಲ, ಮೆಲ್ಲ ಕೆಳಗೆ ಇಳಿಯಿತು. ಬಿಗಿಯಾದರೆ ಬೂಸ್ಟರ್ ಕಡೆ ನೋಡಿ, ಇಳಿದರೆ ಬ್ರೇಕ್ ಆಯಿಲ್ ಕಡೆ ನೋಡಿ. ಮೀನಿನ ಐಸ್ ನೀರು ಅಂದರೆ ಉಪ್ಪುನೀರೇ. ಅದು ಹಲಗೆ ಸಂದಿನಿಂದ ಚಾಸಿಗೆ ಸುರಿದು ಸುರಿದು ಹಿಂದಿನ ಆಕ್ಸಲಿನ ಬ್ರೇಕ್ ಪೈಪು ತುಕ್ಕು ತಿಂದು ಸೂಜಿ ಮೊನೆಯಷ್ಟು ತೂತಾಗಿತ್ತು. ಈಗ ಬಂದರಿನಿಂದ ಬಂದ ದಿನವೇ ಗಾಡಿಯ ಕೆಳಭಾಗಕ್ಕೆ ಸಿಹಿನೀರು ಹೊಡೆಯುತ್ತೇನೆ. ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ. ನಮ್ಮ ಮಳೆಗೆ ಎರಡು ವರ್ಷಕ್ಕಿಂತ ಜಾಸ್ತಿ ಇಡಬೇಡಿ.

ಬೂಸ್ಟರಿಗೆ ದುಡ್ಡು ಕೊಡುವ ಮೊದಲು ಮನೆ ಅಂಗಳದಲ್ಲೇ ಇದನ್ನು ಮಾಡಿ. ಎಂಜಿನ್ ಆಫ್ ಇರಲಿ, ಪೆಡಲ್ ಬಿಗಿಯಾಗುವ ತನಕ ಐದಾರು ಸಲ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಒಂದಿಷ್ಟು ಕೆಳಗೆ ಹೋಗಬೇಕು. ಹೋಗದಿದ್ದರೆ ಅಥವಾ ತುಂಬ ನಿಧಾನವಾಗಿ ಹೋದರೆ ಮೊದಲು ಪಂಪಿನ ಬಾಯಿಗೆ ಗೇಜ್ ಹಾಕಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ, ನಮ್ಮ ಗಾಡಿಗೂ ರಿಪೇರಿ ಸಮಯ. ಮೊನ್ನೆಯ ರಜೆಯಲ್ಲಿ ಗೇಜ್ ಹಾಕಿಸಿದಾಗ 640 ತೋರಿಸಿತು. ಪಂಪ್ ಇರಲಿ ಅಂದರು. ಹೋಸ್ ಮಾತ್ರ ಬದಲಿಸಿದೆ. ಹಳೆಯದನ್ನು ಈ ಸಲ ನಾನೇ ಕೊಯ್ದು ನೋಡಿದೆ, ಒಳಗೆ ಒಣಗಿಯೇ ಇತ್ತು.